ಮಂಜಿನ ಬೆಳಗ್ಗೆ ನದಿ ಬದಿ ಫೋಟೋವೂ ಆಗ್ಬೇಕು, ಪೇಟೆ ಕೆಲಸವೂ ಮುಗೀಬೇಕು: ಮಂಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ಅರ್ಧ ಕಳೆದು ಬೆಳಗ್ಗೆ ಸ್ವಲ್ಪ ಚಳಿ ಹಿಡಿದ್ರೆ ಸಾಕು, ಅದೇ ಪ್ರಶ್ನೆ ಮತ್ತೆ ಮತ್ತೆ ಬರ್ತದೆ. "ನದಿ ಹತ್ರ ಹೋದೆ ಮಾರಾಯ್ರೆ, ಕಣ್ಣಿಗೆ ಎಷ್ಟು ಚಂದ ಕಾಣ್ತಿತ್ತು, ಫೋಟೋದಲ್ಲಿ ಮಾತ್ರ ಎಲ್ಲ ಬೂದಿ ಬಣ್ಣ, ಎಂತ ಮಾಡೋದು?" ಇನ್ನು ಕೆಲವರದ್ದು "ನಾನು ಮುಟ್ಟುವಾಗ ಮಂಜೇ ಇರ್ಲಿಲ್ಲ" ಅಂತ. ಎರಡಕ್ಕೂ ಕ್ಯಾಮೆರಾಕ್ಕೆ ಬೈದು ಪ್ರಯೋಜನ ಇಲ್ಲ. ಮನೆಯಿಂದ ಹೊರಡುವಾಗ "ಹೇಗೂ ಹೋಗ್ತೀಯಲ್ಲ, ಹಾಲು ತಾ, ಬಸಳೆ ತಾ, ಮೀನು ಸಿಕ್ಕಿದ್ರೆ ನೋಡು, ಕರೆಂಟ್ ಬಿಲ್ಲೂ ಕಟ್ಟಿ ಬಾ" ಅಂತ ಒಂದು ಪಟ್ಟಿ ಕೈಗೆ ಬರ್ತದೆ, ನಾವು ಅದನ್ನು ಮೇಲಿಂದ ಕೆಳಗೆ ಮುಗಿಸ್ತಾ ಹೋಗಿ ಕೊನೆಗೆ ನದಿಗೆ ಮುಟ್ಟುವಾಗ ಎಂಟೂವರೆ ಆಗಿರ್ತದೆ. ಅಷ್ಟು ಹೊತ್ತಿಗೆ ಮಂಜು ಎದ್ದು ಹೋಗಿ ಬರೀ ಬಿಳಿ ಆಕಾಶ ಉಳಿದಿರ್ತದೆ. ಹಾಗಾಗಿ ಇಲ್ಲಿ ಕ್ಯಾಮೆರಾ ಸೆಟ್ಟಿಂಗ್‌ಗಿಂತ ಹೆಚ್ಚು ಮಾತು ಯಾವುದು ಮೊದಲು ಯಾವುದು ಆಮೇಲೆ ಅನ್ನುವುದರ ಬಗ್ಗೆಯೇ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡ್ತೇನೆ. ಯೂಟ್ಯೂಬಲ್ಲಿ ಹಿಮ ಬೀಳುವ ದೇಶದವರು ಹೇಳುವ ಚಳಿಗಾಲದ ಟಿಪ್ಸ್ ನೋಡಿಕೊಂಡು ಬರಬೇಡಿ. ಅಲ್ಲಿ ಸೊನ್ನೆಗಿಂತ ಕೆಳಗಿನ ಚಳಿಗೆ ಬ್ಯಾಟರಿ ಬೇಗ ಇಳೀತದೆ, ಹಾಗಾಗಿ ಅವರು ಬ್ಯಾಟರಿಯನ್ನು ಒಳಜೇಬಲ್ಲಿ ಬೆಚ್ಚಗೆ ಇಡ್ತಾರೆ, ಹೊರಗಿಂದ ಬೆಚ್ಚಗಿನ ಮನೆಯೊಳಗೆ ಬರುವಾಗ ಲೆನ್ಸಿನ ಮೇಲೆ ನೀರು ಕೂರ್ತದೆ ಅಂತ ಹೆದರ್ತಾರೆ. ಮಂಗಳೂರಲ್ಲಿ ಜನವರಿಯ ಬೆಳಗ್ಗೆಯೂ ಸಾಮಾನ್ಯವಾಗಿ 20 ಡಿಗ್ರಿ ಆಸುಪಾಸು, ಬ್ಯಾಟರಿಗೆ ಎಂತದೂ ಆಗುದಿಲ್ಲ. ನಮ್ಮ ತೊಂದರೆ ಚಳಿ ಅಲ್ಲ, ತೇವ, ಅದೂ ಪೂರಾ ಉಲ್ಟಾ: ಎಸಿಯಿಂದ ಹೊರಗೆ ಬರುವಾಗ ನಮ್ಮ ಲೆನ್ಸ್ ಬೆವರ್ತದೆ.

1. ಹಿಂದಿನ ರಾತ್ರಿ: ಮಂಜು ಬರ್ತದಾ ನೋಡಿ

ಅಲಾರಾಂ ಇಡುವ ಮೊದಲು ಮೂರು ವಿಷಯ ನೋಡಿ. ಆಕಾಶ ತಿಳಿಯಾಗಿ ಉಂಟಾ, ನಕ್ಷತ್ರ ಕಾಣ್ತದಾ? ಮೋಡ ಮುಚ್ಚಿದ್ರೆ ನೆಲದ ಬಿಸಿ ಮೇಲೆ ಹೋಗುದಿಲ್ಲ, ನೆಲ ತಣಿಯುದಿಲ್ಲ, ಮಂಜೂ ಕಟ್ಟುದಿಲ್ಲ. ಗಾಳಿ ಉಂಟಾ? ಅಂಗಳದ ತೆಂಗಿನ ಗರಿ ಅಲ್ಲಾಡ್ತಾ ಇದ್ರೆ ಆಸೆ ಬಿಡಿ. ಮೂರನೆಯದ್ದು ಮೊಬೈಲಲ್ಲಿ, ಹವಾಮಾನದ ಆಪ್ ತೆಗೆದು ಬೆಳಗ್ಗೆ ಐದು ಆರು ಗಂಟೆಯ ಉಷ್ಣಾಂಶ ಮತ್ತು ಡ್ಯೂ ಪಾಯಿಂಟ್ (ಗಾಳಿಯ ತೇವ ನೀರಾಗಿ ಕೂರ್ಲಿಕ್ಕೆ ಶುರುವಾಗುವ ಉಷ್ಣಾಂಶ) ಪಕ್ಕಪಕ್ಕ ಇಟ್ಟು ನೋಡಿ. ಎರಡರ ನಡುವೆ 2 ಡಿಗ್ರಿಗಿಂತ ಕಮ್ಮಿ ವ್ಯತ್ಯಾಸ ಇದ್ದು ಗಾಳಿಯೂ ಗಂಟೆಗೆ ಐದು ಕಿಲೋಮೀಟರ್ ಒಳಗೆ ಇದ್ರೆ ನದಿ ಮೇಲೆ ಎಂತಾದರೂ ಸಿಕ್ಕುವ ಸಾಧ್ಯತೆ ಒಳ್ಳೆದುಂಟು. ಹೆಚ್ಚಿನವರು ಬರೀ "ಹ್ಯುಮಿಡಿಟಿ 90" ಅಂತ ನೋಡಿ ಖುಷಿ ಪಡ್ತಾರೆ, ನಮ್ಮೂರಲ್ಲಿ ಅದು ಯಾವಾಗ ಇಲ್ಲ ಹೇಳಿ.

ನದಿ ಮೇಲೆ ಮೊದಲು ಮಂಜು ಕಾಣ್ಲಿಕ್ಕೆ ಕಾರಣ ಸುಲಭ. ರಾತ್ರಿ ದಡ ಬೇಗ ತಣೀತದೆ, ನೀರು ತಣಿಯುದಿಲ್ಲ, ದಡದ ತಂಪು ಗಾಳಿ ಬೆಚ್ಚಗಿನ ನೀರಿನ ಮೇಲೆ ಜಾರಿದಾಗ ಹೊಗೆ ಎದ್ದ ಹಾಗೆ ಕಾಣ್ತದೆ. ಇದು ತೆಳು, ನೀರಿನಿಂದ ಹೆಚ್ಚು ಮೇಲೆ ಬರುದಿಲ್ಲ, ಸೂರ್ಯ ಸ್ವಲ್ಪ ಮೇಲೆ ಬಂದ ಕೂಡ್ಲೇ ಮಾಯ. ಆದ್ದರಿಂದ ಮನೆಯ ಟೆರೇಸಲ್ಲಿ ನಿಂತು "ಮಂಜು ಇಲ್ಲ" ಅಂತ ತೀರ್ಮಾನ ಮಾಡಿ ವಾಪಸ್ ಮಲಗಬೇಡಿ, ಹೊಳೆ ಬದಿಯ ಲೆಕ್ಕ ಬೇರೆ.

ಭರತ ಇಳಿತದ ಸಮಯವನ್ನೂ ನೋಡಿಕೊಳ್ಳಿ, ಟೈಡ್ ಅಂತ ಹುಡುಕಿದ್ರೆ ಸಿಕ್ತದೆ. ದಿನಕ್ಕೆ ಎರಡು ಭರತ ಎರಡು ಇಳಿತ, ಇವತ್ತಿನ ಸಮಯ ನಾಳೆಗೆ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತದೆ. ಭರತ ತುಂಬಿ ನೀರು ನಿಂತ ಹೊತ್ತಲ್ಲಿ ದೋಣಿಯ ಪ್ರತಿಬಿಂಬ ಕನ್ನಡಿ ಹಾಗೆ ಬರ್ತದೆ, ಪೂರಾ ಇಳಿತದಲ್ಲಿ ಕೆಸರು ದಿಬ್ಬ, ಬೆಳ್ಳಕ್ಕಿ, ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಸಿಕ್ತಾರೆ. ಎರಡೂ ಒಳ್ಳೆಯ ಫೋಟೋವೇ. ಆದ್ರೆ ಕನ್ನಡಿ ಬೇಕು ಅಂತ ಹೋಗಿ ಕೆಸರು ನೋಡಿ ಬರೋದು ಬೇಡ ಅಲ್ವಾ.

2. ಯಾವ ದಡದಲ್ಲಿ ನಿಲ್ಲೋದು

ಇಲ್ಲಿಯೇ ಅತೀ ಹೆಚ್ಚು ಜನ ತಪ್ಪುವುದು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ಮಂಜಿನ ಫೋಟೋಕ್ಕೆ ಬೆಳಕು ಎದುರಿನಿಂದ ಅಥವಾ ಓರೆಯಿಂದ ಬರಬೇಕು. ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ರೆ ಮಂಜು ಬರೀ ಬಿಳಿ ಗೋಡೆ ಹಾಗೆ ಕಾಣ್ತದೆ. ಸೂರ್ಯ ಮಂಜಿನ ಆಚೆ ಇದ್ದಾಗ ಮಾತ್ರ ಅದು ಹೊಳೀತದೆ, ದೋಣಿ ತೆಂಗು ಎಲ್ಲ ಕಪ್ಪಗೆ ಕಟ್ಟಾಗಿ ಎದ್ದು ನಿಲ್ತದೆ.

ಎಲ್ಲರೂ ಓಡುವುದು ಸುಲ್ತಾನ್ ಬತ್ತೇರಿಗೆ. ಊರಿಗೆ ಹತ್ತಿರ, ಗಾಡಿ ಇಡ್ಲಿಕ್ಕೆ ಜಾಗ ಉಂಟು, ಎಲ್ಲ ಸರಿ. ಆದ್ರೆ ಅಲ್ಲಿ ಗುರುಪುರ ನದಿ, ಅಂದ್ರೆ ಫಲ್ಗುಣಿ, ಸಮುದ್ರಕ್ಕೆ ಸಮಾನಾಂತರವಾಗಿ ಉತ್ತರದಿಂದ ದಕ್ಷಿಣಕ್ಕೆ ಹರೀತದೆ, ಬತ್ತೇರಿ ಇರುವುದು ಪೂರ್ವ ದಡದಲ್ಲಿ, ನೀವು ನೋಡುವುದು ಪಶ್ಚಿಮಕ್ಕೆ. ಬೆಳಗ್ಗೆ ಸೂರ್ಯ ಬೆನ್ನಿಗೆ. ಸಂಜೆಗೆ ಇದು ಫಸ್ಟ್ ಕ್ಲಾಸ್ ಜಾಗ, ಬೆಳಗ್ಗಿನ ಮಂಜಿಗೆ ಅಲ್ಲ. ಬೆಳಗ್ಗೆಗೆ ಆಚೆ ದಡ ಬೇಕು, ತಣ್ಣೀರುಬಾವಿ ಕಡೆ. ಅಲ್ಲಿಂದ ಪೂರ್ವಕ್ಕೆ ತಿರುಗಿದ್ರೆ ನದಿ, ಮಂಜು, ಆಚೆ ಬೋಳೂರು ಕಡೆಯ ತೆಂಗು, ಅದರ ಹಿಂದೆ ಸೂರ್ಯ, ಎಲ್ಲ ಒಂದೇ ಫ್ರೇಮಿಗೆ ಬರ್ತದೆ. ದಾಟು ದೋಣಿಯನ್ನು ನಂಬಿ ಹೋಗುವವರು ಮೊದಲ ದೋಣಿ ಎಷ್ಟು ಹೊತ್ತಿಗೆ ಅಂತ ಹಿಂದಿನ ದಿನವೇ ಅಲ್ಲಿ ಕೇಳಿಕೊಂಡು ಬನ್ನಿ, ಇಲ್ಲದಿದ್ರೆ ಕೂಳೂರು ಕಡೆಯಿಂದ ಸುತ್ತಿ ರಸ್ತೆಯಲ್ಲೇ ಹೋಗಿ. ಸುತ್ತು ಜಾಸ್ತಿ, ಆದ್ರೆ ಯಾರ ಸಮಯಕ್ಕೂ ಕಾಯ್ಬೇಕಾಗಿಲ್ಲ.

ಎರಡನೆಯ ಆಯ್ಕೆ ನೇತ್ರಾವತಿ, ಜೆಪ್ಪಿನಮೊಗರು ಕಡೆಯ ಉತ್ತರ ದಡ. ಚಳಿಗಾಲದಲ್ಲಿ ಸೂರ್ಯ ಸರಿಯಾಗಿ ಪೂರ್ವಕ್ಕೆ ಹುಟ್ಟುವುದಿಲ್ಲ, ದಕ್ಷಿಣಕ್ಕೆ ಸ್ವಲ್ಪ ಸರಿದಿರ್ತದೆ, ಹಾಗಾಗಿ ಉತ್ತರ ದಡದಲ್ಲಿ ನಿಂತು ನೀರು ಬರುವ ಕಡೆಗೆ ಮುಖ ಮಾಡಿದ್ರೆ ಬೆಳಕು ನದಿ ಮೇಲೆ ಓರೆಯಾಗಿ ಬೀಳ್ತದೆ. ನದಿ ಇಲ್ಲಿ ಅಗಲ, ಹಾಗಾಗಿ ಎದುರಿಗೆ ಒಂದು ದೋಣಿಯೋ ಕುದ್ರುವೋ (ನದಿ ನಡುವಿನ ನಡುಗಡ್ಡೆ) ಇಲ್ಲದಿದ್ರೆ ಫೋಟೋ ಖಾಲಿ ಖಾಲಿ. ಹೈವೇ ಸೇತುವೆ ಮೇಲೆ ಗಾಡಿ ನಿಲ್ಲಿಸಿ ತೆಗೆಯುವ ಯೋಚನೆ ಮಾತ್ರ ಬೇಡವೇ ಬೇಡ, ಮಂಜಲ್ಲಿ ಹಿಂದಿಂದ ಬರುವ ಲಾರಿಗೆ ನೀವು ಕಾಣುದಿಲ್ಲ.

ಪಿಲಿಕುಳ ನಿಸರ್ಗಧಾಮ ಕೇಳುವವರೂ ಇದ್ದಾರೆ. ಮಧ್ಯಾಹ್ನ ಮಕ್ಕಳನ್ನು ಕರ್ಕೊಂಡು ಹೋಗ್ಲಿಕ್ಕೆ ಒಳ್ಳೆದು, ಗೇಟ್ ತೆರೆಯುವಾಗ ಮಂಜಿನ ಕಥೆ ಮುಗಿದಿರ್ತದೆ. ಉಡುಪಿ ಕಡೆಯವರಿಗೆ ಸ್ವರ್ಣಾ ನದಿಯ ಕೆಮ್ಮಣ್ಣು ತೂಗುಸೇತುವೆ ಹತ್ರ ಉಂಟು. ಅಲ್ಲಿ ಸೇತುವೆ ಮೇಲೆ ಟ್ರೈಪಾಡ್ ಇಡಬೇಡಿ, ಒಬ್ಬರು ನಡೆದ್ರೂ ಅಲ್ಲಾಡ್ತದೆ, ದಡದಿಂದಲೇ ಸೇತುವೆಯನ್ನು ಫ್ರೇಮಿಗೆ ತನ್ನಿ.

3. ಚೀಲ ತುಂಬುವುದು: ಎರಡು ಚೀಲ, ಒಂದಲ್ಲ

ಕ್ಯಾಮೆರಾಕ್ಕೆ ಒಂದು, ಸಾಮಾನಿಗೆ ಒಂದು. "ಒಂದೇ ಬ್ಯಾಗಲ್ಲಿ ಆಗ್ತದೆ" ಅಂತ ಹೊರಡುವವರ ಲೆನ್ಸಿಗೆ ಬಂಗುಡೆ ವಾಸನೆ ಹಿಡಿದು, ಐಸ್ ನೀರು ಇಳಿದು ಆದ ಮೇಲೆ ಯಾವ ಸರ್ವಿಸ್ ಸೆಂಟರಿನವರೂ ಎಂತ ಮಾಡ್ಲಿಕ್ಕೆ ಆಗುದಿಲ್ಲ.

ಕ್ಯಾಮೆರಾ ಚೀಲದಲ್ಲಿ ಇಷ್ಟು ಸಾಕು: ಕ್ಯಾಮೆರಾ ಅಥವಾ ಫೋನು, ಒಂದು ಉದ್ದ ಲೆನ್ಸ್ (70-200 ಎಂಎಂ ಇದ್ರೆ ಅದೇ, ಫೋನಾದ್ರೆ ಅದರ 2ಎಕ್ಸ್ ಅಥವಾ 3ಎಕ್ಸ್), ಲೆನ್ಸ್ ಹುಡ್, ಎರಡು ಒಣಗಿದ ಮೈಕ್ರೋಫೈಬರ್ ಬಟ್ಟೆ, ಜಿಪ್ ಇರುವ ದೊಡ್ಡ ಪ್ಲಾಸ್ಟಿಕ್ ಕವರ್, ಸಿಲಿಕಾ ಜೆಲ್ ಪೊಟ್ಟಣ. ಸಣ್ಣ ಟಾರ್ಚ್ ಒಂದು ಜೇಬಲ್ಲಿ. ಬಟ್ಟೆ ಎರಡು ಯಾಕೆಂದ್ರೆ ಮೊದಲನೆಯದ್ದು ಬೇಗ ಒದ್ದೆ ಆಗ್ತದೆ, ಆಮೇಲೆ ಅದರಲ್ಲಿ ಒರೆಸಿದ್ರೆ ಲೆನ್ಸಿಗೆ ಗೀರುಗೀರು ಪಸೆ ಹಿಡೀತದೆ. ವೈಡ್ ಲೆನ್ಸ್ ಒಂದನ್ನೇ ತರುವವರು ಬಹಳ, ಆದ್ರೆ ವೈಡಲ್ಲಿ ಮಂಜು ತೆಳುವಾಗಿ ಎಲ್ಲಿಗೋ ಹೋಗಿರ್ತದೆ. ಉದ್ದ ಲೆನ್ಸ್ ದೂರದ ಪದರಗಳನ್ನು ಹತ್ತಿರ ಎಳೆದು ಒಂದರ ಮೇಲೊಂದು ಕೂರಿಸ್ತದೆ, ಮಂಜು ದಪ್ಪ ಕಾಣುವುದು ಅಲ್ಲಿ.

ಸಾಮಾನಿನ ಕಡೆಗೆ ಬಟ್ಟೆ ಚೀಲ ಎರಡು, ಮೀನಿಗೆ ಮುಚ್ಚಳ ಗಟ್ಟಿ ಇರುವ ಡಬ್ಬ, ಚಿಲ್ಲರೆ. ಯುಪಿಐ ಎಲ್ಲ ಕಡೆ ಆಗ್ತದೆ ನಿಜ, ಆದ್ರೆ ಬೆಳಗ್ಗೆಯಿಂದ ಫೋನಲ್ಲೇ ಫೋಟೋ ಹೊಡೆದು ಬ್ಯಾಟರಿ ಹನ್ನೆರಡು ಪರ್ಸೆಂಟ್ ಇರುವಾಗ ಮೀನಿನ ಅಕ್ಕನ ಎದುರು ಕ್ಯೂಆರ್ ಹಿಡಿದು ನಿಲ್ಲುವುದು ಕಷ್ಟ. ಪವರ್ ಬ್ಯಾಂಕ್ ಇಟ್ಟುಕೊಳ್ಳಿ, ಇಲ್ಲ ನೋಟು ಇಟ್ಟುಕೊಳ್ಳಿ.

4. ಹೊರಡುವ ಅರ್ಧ ಗಂಟೆ ಮೊದಲು ಕ್ಯಾಮೆರಾ ಹೊರಗೆ

ಎಸಿ ತುಂಬಾ ತಣ್ಣಗೆ ಇಟ್ಟು ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇಟ್ಟಿದ್ರೆ ಗಾಜು, ಲೋಹ ಎಲ್ಲ ಹೊರಗಿನ ಡ್ಯೂ ಪಾಯಿಂಟಿಗಿಂತ ತಣ್ಣಗೆ ಇರಬಹುದು. ಹಾಗಿದ್ದದ್ದನ್ನು ನೇರ ಹೊರಗೆ ತೆಗೆದ್ರೆ ಫ್ರಿಜ್ಜಿಂದ ತೆಗೆದ ಬಾಟಲಿ ಹಾಗೆ ಬೆವರ್ತದೆ. ಎದುರಿನ ಗಾಜಾದ್ರೆ ಒರೆಸಬಹುದು, ಒಳಗಿನ ಗಾಜಿಗೆ ನೀರು ಕೂತ್ರೆ ಒರೆಸ್ಲಿಕ್ಕೆ ಎಲ್ಲಿಂದ ಕೈ ಹಾಕ್ತೀರಿ? ನಮ್ಮೂರಲ್ಲಿ ಲೆನ್ಸಿಗೆ ಫಂಗಸ್ ಹಿಡಿಯುವುದೂ ಇಂಥ ತೇವದಿಂದಲೇ.

ಪರಿಹಾರ ಹೀಗೆ: ಎದ್ದ ಕೂಡ್ಲೇ ಕ್ಯಾಮೆರಾವನ್ನು ಚೀಲದ ಒಳಗೇ, ಜಿಪ್ ಹಾಕಿಕೊಂಡೇ, ಬಾಲ್ಕನಿಗೆ ಅಥವಾ ಜಗಲಿಗೆ ತಂದಿಡಿ. ಮುಖ ತೊಳೆದು ಕಾಫಿ ಕುಡಿದು ಬರುವಷ್ಟರಲ್ಲಿ ಅದು ನಿಧಾನ ಹೊರಗಿನ ಬಿಸಿಗೆ ಹೊಂದ್ತದೆ. ಜಿಪ್ ತೆರೆದಿಟ್ರೆ ಪ್ರಯೋಜನ ಇಲ್ಲ, ತೇವದ ಗಾಳಿ ನೇರ ತಣ್ಣಗಿನ ಗಾಜಿಗೆ ಮುಟ್ಟಬಾರದು ಅನ್ನುವುದೇ ಇಲ್ಲಿ ಗುಟ್ಟು.

ಕಾರಲ್ಲಿ ಹೋಗುವವರು ಎಸಿ ಬಂದ್ ಮಾಡಿ ಕಿಟಕಿ ಇಳಿಸಿ ಹೋಗಿ. ಇಲ್ಲದಿದ್ರೆ ಮನೆಯಲ್ಲಿ ಮಾಡಿದ್ದೆಲ್ಲ ಪುನಃ ವ್ಯರ್ಥ. ಸ್ಕೂಟರಿನವರು ಸೀಟಿನ ಅಡಿ ಇಡಬೇಡಿ, ಇಂಜಿನ್ ಬಿಸಿಯೂ ಉಂಟು, ನಮ್ಮ ರಸ್ತೆಯ ಕುಲುಕಾಟವೂ ಉಂಟು, ಬೆನ್ನಿಗೇ ಹಾಕಿಕೊಳ್ಳಿ.

ಅಪಾಯದ ಸೂಚನೆ: ಫೋಟೋದ ನಡುವೆ ಮಾತ್ರ ಹಾಲು ಹಾಕಿದ ಹಾಗೆ ಬಿಳಿ ಮಸುಕು, ಅಂಚಲ್ಲಿ ಸರಿ ಉಂಟು ಅಂತಾದ್ರೆ ಅದು ಹೊಳೆಯ ಮಂಜಲ್ಲ, ನಿಮ್ಮ ಲೆನ್ಸಿನ ಮಂಜು. ಬಾಯಿಂದ ಊದಿ ಒರೆಸಬೇಡಿ, ಉಸಿರಲ್ಲೂ ನೀರೇ ಇರುವುದು.

5. ದಾರಿಯಲ್ಲಿ ಎಲ್ಲಿಯೂ ನಿಲ್ಲಬೇಡಿ

ಜನವರಿಯಲ್ಲಿ ನಮ್ಮಲ್ಲಿ ಸೂರ್ಯೋದಯ ಸುಮಾರು 6:55ಕ್ಕೆ, ಡಿಸೆಂಬರ್ ಶುರುವಿಗಾದ್ರೆ 6:40ರ ಹತ್ತಿರ. ಬೆಳಕು ಹರಿಯುವುದು ಅದಕ್ಕಿಂತ ಇಪ್ಪತ್ತು ಇಪ್ಪತ್ತೈದು ನಿಮಿಷ ಮೊದಲು. ನೀವು ದಡದಲ್ಲಿ 6:20ಕ್ಕೆ ಇರಬೇಕು, ಹೊರಡುವುದಲ್ಲ, ಇರಬೇಕು.

ದಾರಿಯಲ್ಲಿ ಹಾಲಿನ ಬೂತ್ ತೆರೆದಿರ್ತದೆ, ಪೇಪರಿನವರು ಇರ್ತಾರೆ, ಬನ್ಸಿನ ಪರಿಮಳ ಬರ್ತದೆ. ಎಲ್ಲ ವಾಪಸ್ ಬರುವಾಗಲೂ ಇರ್ತದೆ ಮಾರಾಯ್ರೆ, ಬನ್ಸ್ ಓಡಿ ಹೋಗುದಿಲ್ಲ. ಮನೆಯಲ್ಲಿ ಹಾಲು ಆರು ಗಂಟೆಗೇ ಬೇಕೇ ಬೇಕು ಅಂತಿದ್ರೆ ಹಿಂದಿನ ಸಂಜೆಯೇ ಒಂದು ಪ್ಯಾಕೆಟ್ ಜಾಸ್ತಿ ತಂದು ಫ್ರಿಜ್ಜಲ್ಲಿ ಇಡಿ, ಜಗಳವೇ ಇಲ್ಲ.

6. ದಡದಲ್ಲಿ: ಮೊದಲು ಕಾಲು, ಆಮೇಲೆ ಕ್ಯಾಮೆರಾ

ಟಾರ್ಚ್ ಹಾಕಿ ನಿಲ್ಲುವ ಜಾಗ ನೋಡಿ. ನೀರಿಗೆ ಇಳಿಯುವ ಕೆಂಪು ಕಲ್ಲಿನ ಮೆಟ್ಟಿಲಲ್ಲಿ ಭರತ ಮುಟ್ಟುವ ಮಟ್ಟದವರೆಗೆ ಪಾಚಿ ಇರ್ತದೆ, ಇಬ್ಬನಿಗೆ ಅದು ಇನ್ನೂ ಜಾರ್ತದೆ. ಮೆಟ್ಟಿಲ ಕಪ್ಪು ಹಸಿರು ಗೆರೆಗಿಂತ ಕೆಳಗೆ ಕಾಲಿಡಬೇಡಿ. ಇಳಿತದಲ್ಲಿ ಒಣಗಿದ ಹಾಗೆ ಕಾಣುವ ಕೆಸರು ದಿಬ್ಬ ನಂಬಬೇಡಿ, ಮೊಣಕಾಲವರೆಗೆ ಹೂತು ಹೋಗ್ತದೆ, ಚಪ್ಪಲಿ ಅಲ್ಲೇ ಬಿಟ್ಟು ಬರಬೇಕಾಗ್ತದೆ.

ಜಾಗ ಸಿಕ್ಕಿದ ಮೇಲೆ ಫ್ರೇಮಿಗೆ ಒಂದು ಕಪ್ಪು ವಸ್ತು ಹುಡುಕಿ. ಕಟ್ಟಿ ಹಾಕಿದ ದೋಣಿ, ನೀರಿನ ಕಡೆ ಬಾಗಿದ ತೆಂಗು, ಬಲೆ ಕಟ್ಟುವ ಕಂಬ, ಪಾರ್ಕಿನ ಬೆಂಚು ಯಾವುದಾದ್ರೂ ಆಗ್ತದೆ. ಮಂಜು ತಾನಾಗಿ ವಿಷಯ ಅಲ್ಲ, ಅದು ಹಿನ್ನೆಲೆ, ಮುಂದೆ ಗಟ್ಟಿಯಾಗಿ ಎಂತದಾದ್ರೂ ನಿಲ್ಲದೆ ಅದು ಕಾಣುವುದೇ ಇಲ್ಲ. ಹತ್ತಿರದ್ದು ಕಪ್ಪು, ಅದರ ಹಿಂದಿನದ್ದು ಬೂದಿ, ಇನ್ನೂ ಹಿಂದಿನದ್ದು ಹೆಚ್ಚುಕಮ್ಮಿ ಬಿಳಿ, ಈ ಮೂರು ಪದರ ಸಿಕ್ಕಿದ್ರೆ ಫೋಟೋ ಅರ್ಧ ಆಯ್ತು. ಆ ಬಿಳಿ ನೀರ ಪಟ್ಟಿಯಲ್ಲಿ ಒಂದು ದೋಣಿ ಹಾದು ಹೋಗುವವರೆಗೆ ಕಾಯುವ ತಾಳ್ಮೆ ಇದ್ರೆ ಇನ್ನರ್ಧವೂ ಆಗ್ತದೆ.

ಜನರನ್ನು ತೆಗೆಯುವಾಗ ಕೇಳಿ ತೆಗೀರಿ. ಮರುವಾಯಿ ಹೆಕ್ಕುವವರು, ಬಲೆ ಬಿಡಿಸುವವರು ಕೆಲಸಕ್ಕೆ ಬಂದದ್ದು, ಪೋಸ್ ಕೊಡ್ಲಿಕ್ಕೆ ಅಲ್ಲ. "ಅಣ್ಣೆರೆ, ಒಂಜಿ ಫೋಟೋ ದೆಪ್ಪೊಲಿಯಾ?" ಅಂತ ತುಳುವಲ್ಲಿ ಕೇಳಿದ್ರೆ ಹೆಚ್ಚಿನವರು ಬೇಡ ಹೇಳುದಿಲ್ಲ. ಬೇಡ ಅಂದ್ರೆ ಬೇಡ. ಡ್ರೋನ್ ತರುವವರು ಡಿಜಿಟಲ್ ಸ್ಕೈ ಮ್ಯಾಪಲ್ಲಿ (ಎಲ್ಲಿ ಡ್ರೋನ್ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ನಕ್ಷೆ) ಜಾಗದ ಬಣ್ಣ ನೋಡದೆ ಹಾರಿಸಬೇಡಿ, ಪಣಂಬೂರು ಬಂದರು ಅಲ್ಲೇ ಪಕ್ಕದಲ್ಲಿ ಉಂಟು.

7. ಸೆಟ್ಟಿಂಗ್: ಬೂದಿ ಬಣ್ಣ ಯಾಕೆ ಬರ್ತದೆ, ಹೇಗೆ ಸರಿ ಮಾಡುವುದು

ಕ್ಯಾಮೆರಾದ ಮೀಟರಿಗೆ ಎದುರಿಗೆ ಇರುವುದು ಬಿಳಿಯಾ ಬೂದಿಯಾ ಗೊತ್ತಾಗುದಿಲ್ಲ. ಅದು ಎಲ್ಲವನ್ನೂ ನಡುಮಟ್ಟದ ಬೂದಿಗೆ ತರ್ಲಿಕ್ಕೆ ನೋಡ್ತದೆ. ಮಂಜು ಬಿಳಿ, ಹಿಮ ಬೀಳುವ ಕಡೆ ಹಿಮವೂ ಬಿಳಿ, ಎರಡು ಕಡೆಯೂ ಕ್ಯಾಮೆರಾ ಮಾಡುವ ತಪ್ಪು ಒಂದೇ. ಹಾಗಾಗಿ ಎಕ್ಸ್‌ಪೋಶರ್ ಕಾಂಪೆನ್ಸೇಶನನ್ನು (ಫೋಟೋದ ಬೆಳಕು ಏರಿಸುವ ಇಳಿಸುವ +/- ಸೆಟ್ಟಿಂಗ್) ನೀವೇ ಮೇಲೆ ಏರಿಸಬೇಕು. ನಮ್ಮ ಮಂಜಿಗೆ +0.7ರಿಂದ +1.3ರ ಒಳಗೆ ಸಾಕಾಗ್ತದೆ. ಎದುರಿಗೆ ಕಪ್ಪು ದೋಣಿ ಫ್ರೇಮಿನ ಅರ್ಧ ತುಂಬಿದ್ರೆ ಅಷ್ಟೂ ಬೇಡ, +0.3 ಇಟ್ಟು ನೋಡಿ.

ಫೋನಲ್ಲಾದ್ರೆ ದೋಣಿ ಮೇಲೆ ಬೆರಳು ಒತ್ತಿ ಹಿಡೀರಿ, ಲಾಕ್ ಅಂತ ಬರ್ತದೆ, ಆಮೇಲೆ ಮಂಜು ಬೂದಿಯಾಗಿ ಕಂಡ್ರೆ ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಮೇಲೆ, ತೀರಾ ಬಿಳಿಯಾದ್ರೆ ಸ್ವಲ್ಪ ಕೆಳಗೆ ಎಳೀರಿ. ಎಚ್‌ಡಿಆರ್ ಬಂದ್ ಮಾಡ್ಲಿಕ್ಕೆ ನಿಮ್ಮ ಫೋನ್ ಬಿಟ್ರೆ ಬಂದ್ ಮಾಡಿ, ಅದು ಮಂಜನ್ನು ದೋಷ ಅಂತ ತಿಳ್ಕೊಂಡು ತೊಳೆದು ಹಾಕ್ತದೆ. ನೈಟ್ ಮೋಡ್ ತಾನಾಗಿ ಆನ್ ಆಗಿದ್ರೆ ಅದನ್ನೂ ತೆಗೀರಿ, ನೀರು ಮೇಣದ ಹಾಗೆ ಬರ್ತದೆ. ಫ್ಲ್ಯಾಶ್ ಅಂತೂ ಬೇಡವೇ ಬೇಡ, ಎದುರಿನ ಹನಿಗಳಿಗೆ ಬಡಿದು ಬಿಳಿ ಚುಕ್ಕಿ ತುಂಬ್ತದೆ.

ಕ್ಯಾಮೆರಾದವರಿಗೆ: ರಾ (ಎಡಿಟಿಗೆ ಹೆಚ್ಚು ಅವಕಾಶ ಕೊಡುವ ಫೈಲ್) ಇಟ್ಟುಕೊಳ್ಳಿ, ಎಫ್/8, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400ರಿಂದ 800, ದೋಣಿ ಚಲಿಸ್ತಾ ಇದ್ರೆ ಶಟರ್ 1/250ಕ್ಕಿಂತ ಕೆಳಗೆ ಬೇಡ. ಸೂರ್ಯ ಬರುವ ಮೊದಲು ಬೆಳಕು ಕಮ್ಮಿ, ಆಗ ಐಎಸ್‌ಒ ಏರಿಸ್ಲಿಕ್ಕೆ ಹೆದರಬೇಡಿ, ಕಾಳು ಕಾಳು ಬಂದ ಫೋಟೋವನ್ನು ಆಮೇಲೆ ಎಡಿಟಲ್ಲಿ ಸ್ವಲ್ಪ ಸರಿ ಮಾಡಬಹುದು, ಅಲ್ಲಾಡಿದ್ದನ್ನು ಯಾರಿಂದಲೂ ಆಗುದಿಲ್ಲ. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ರೆ ಒಂದೊಂದು ಫೋಟೋ ಒಂದೊಂದು ಬಣ್ಣ, ಡೇಲೈಟಿಗೆ ಅಥವಾ 5500 ಕೆಲ್ವಿನಿಗೆ ಕಟ್ಟಿ ಹಾಕಿ, ಮೊದಲು ನೀಲಿ, ಆಮೇಲೆ ಚಿನ್ನದ ಬಣ್ಣ, ಅದು ತಾನಾಗಿಯೇ ಬರ್ತದೆ. ಪೋಲರೈಸರ್ ಫಿಲ್ಟರ್ ಹಾಕಿದ್ರೆ ತೆಗೆದಿಡಿ, ಪ್ರತಿಬಿಂಬವನ್ನೇ ತಿಂದುಬಿಡ್ತದೆ.

ಆಟೋಫೋಕಸ್ ಮಂಜಲ್ಲಿ ಹುಡುಕಾಡ್ತದೆ, ಲೆನ್ಸ್ ಝುಂಯ್ ಝುಂಯ್ ಅಂತ ಹಿಂದೆ ಮುಂದೆ ಹೋಗ್ತಾ ಇರ್ತದೆ. ಅದಕ್ಕೆ ಹಿಡಿಯುವಂತ ಅಂಚು ಕೊಡಿ, ದೋಣಿಯ ಅಂಚು, ತೆಂಗಿನ ಕಾಂಡ ಮತ್ತು ಬಿಳಿ ಸೇರುವ ಜಾಗ. ಅಲ್ಲಿ ಹಿಡಿದು ಲಾಕ್ ಮಾಡಿ ಆಮೇಲೆ ಫ್ರೇಮ್ ತಿರುಗಿಸಿ.

ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟುಂಟು ಅಂತ ಗುಡ್ಡದ ಹಾಗೆ ತೋರಿಸುವ ಚಿತ್ರ) ನೋಡುವ ಅಭ್ಯಾಸ ಇದ್ರೆ: ಮಂಜಿನ ಫೋಟೋದಲ್ಲಿ ಗುಡ್ಡದ ಅಗಲ ಕಮ್ಮಿ, ಒಂದೇ ಕಡೆ ಗುಂಪಾಗಿ ಇರ್ತದೆ. ಅದು ನಡುವಿನಿಂದ ಸ್ವಲ್ಪ ಬಲಕ್ಕೆ ಇರಬೇಕು, ಬಲ ಗೋಡೆಗೆ ಅಂಟಬಾರದು. ನಡುವಲ್ಲೇ ಕೂತಿದ್ರೆ ಅದೇ ನಿಮ್ಮ ಬೂದಿ ಬಣ್ಣ.

ಎರಡು ಫೋಟೋದ ನಡುವೆ ಲೆನ್ಸ್ ಮುಚ್ಚಳ ಹಾಕಿ. ಟ್ರೈಪಾಡಲ್ಲಿ ಆಕಾಶಕ್ಕೆ ಮುಖ ಮಾಡಿ ಬಿಟ್ರೆ ಹುಲ್ಲಿನ ಮೇಲೆ ಇಬ್ಬನಿ ಬೀಳುವ ಹಾಗೆಯೇ ಗಾಜಿನ ಮೇಲೂ ಬೀಳ್ತದೆ. ಹುಡ್ ತಂದದ್ದು ಇದಕ್ಕೂ ಸೇರಿ.

8. ಯಾವಾಗ ನಿಲ್ಲಿಸೋದು

ಸೂರ್ಯ ಹುಟ್ಟಿದ ಮೇಲಿನ ಅರ್ಧ ಗಂಟೆಯೇ ಒಳ್ಳೆಯದ್ದು. ಬೆಳಕಿನ ಕೋಲು ತೆಂಗಿನ ಗರಿಗಳ ನಡುವಿಂದ ಬರುವುದು ಆಗ. ಆಮೇಲೆ ಮಂಜು ನೀರಿನಿಂದ ಎದ್ದು ಮೇಲೆ ಹೋಗಿ ಆಕಾಶವೆಲ್ಲ ಬಿಳಿ ಆಗ್ತದೆ, ಎಂಟು ಎಂಟೂವರೆಯ ಒಳಗೆ ಹೆಚ್ಚಾಗಿ ಎಲ್ಲ ಮುಗಿದಿರ್ತದೆ. ನೆರಳು ಗಟ್ಟಿಯಾಗಿ ಕಾಣ್ಲಿಕ್ಕೆ ಶುರುವಾಯ್ತಾ, ಆಚೆ ದಡದ ಕಟ್ಟಡದ ಕಿಟಕಿ ಲೆಕ್ಕ ಮಾಡ್ಲಿಕ್ಕೆ ಆಗ್ತದಾ, ಚೀಲಕ್ಕೆ ಹಾಕಿ. "ಇನ್ನು ಐದು ನಿಮಿಷ" ಅಂತ ನಿಂತು ತೆಗೆದದ್ದು ಮನೆಗೆ ಹೋಗಿ ಡಿಲೀಟ್ ಮಾಡುವ ಫೋಟೋಗಳೇ.

ಹಾಕುವ ಮೊದಲು ಒಣ ಬಟ್ಟೆಯಲ್ಲಿ ಬಾಡಿ ಒರೆಸಿ, ಜಿಪ್ ಕವರಿಗೆ ಸಿಲಿಕಾ ಜೆಲ್ ಜೊತೆ ಹಾಕಿ. ತಣ್ಣೀರುಬಾವಿ ಬದಿಯಲ್ಲಿ ಸಮುದ್ರವೂ ಹತ್ತಿರವೇ, ಉಪ್ಪಿನ ಪಸೆ ಇರ್ತದೆ, ಅದಕ್ಕೆ ಬಟ್ಟೆಯ ಮೂಲೆ ಒಂಚೂರು ಒದ್ದೆ ಮಾಡಿ ಒರೆಸಿ ಕೂಡ್ಲೇ ಒಣ ಬಟ್ಟೆ ತಾಗಿಸಿ. ಲೆನ್ಸ್ ಬದಲಿಸುವುದು ಇಲ್ಲಿ ಬೇಡ.

9. ಈಗ ಪೇಟೆ ಕೆಲಸ, ಈ ಕ್ರಮದಲ್ಲೇ

ಎಂಟು ಗಂಟೆ, ಹೊಟ್ಟೆ ಹಸಿದಿರ್ತದೆ. ಮೊದಲು ತಿಂಡಿ. ಹಸಿದುಕೊಂಡು ಸಾಮಾನು ತರ್ಲಿಕ್ಕೆ ಹೋದ್ರೆ ಪಟ್ಟಿಯಲ್ಲಿ ಇಲ್ಲದ್ದೇ ಜಾಸ್ತಿ ಬರ್ತದೆ.

ಆಮೇಲೆ ಭಾರ ಇದ್ದು ಹಾಳಾಗದ್ದು, ಕೊನೆಗೆ ಹಾಳಾಗುವಂಥದ್ದು. ತೆಂಗಿನಕಾಯಿ, ಕುಚ್ಚಲಕ್ಕಿ, ದಿನಸಿ ಎಲ್ಲ ಮೊದಲು ಕಟ್ಟಿಸಿ ಇಡಿ, ತರಕಾರಿ ಅದರ ನಂತರ, ಬಸಳೆಯಂಥ ಸೊಪ್ಪು ಮೇಲೆ ಇರಬೇಕು. ಹಾಲು, ಮೊಸರು ಮನೆಯ ಹತ್ತಿರದ ಅಂಗಡಿಯಲ್ಲೇ. ನದಿಯಿಂದ ಬರುವ ದಾರಿಯಲ್ಲಿ ಉರ್ವ ಮಾರ್ಕೆಟ್ ಸಿಕ್ಕುವವರಿಗೆ ಅಲ್ಲೇ ಎಲ್ಲ ಒಟ್ಟಿಗೆ ಆಗ್ತದೆ, ಸ್ಟೇಟ್ ಬ್ಯಾಂಕ್ ಅನ್ನುವ ಪೇಟೆ ಕಡೆ ಹೋಗಬೇಕು ಅಂತ ಇದ್ರೆ ಒಂಬತ್ತರ ಟ್ರಾಫಿಕ್ ಶುರುವಾಗುವ ಮೊದಲೇ ಹೋಗಿ ಹೊರಗೆ ಬನ್ನಿ.

ಮೀನು ಎಲ್ಲಕ್ಕಿಂತ ಕೊನೆಗೆ, ಸೀದಾ ಮನೆಗೆ ಹೋಗುವ ಮೊದಲಿನ ನಿಲುಗಡೆ. ಕಿವಿರು ಎತ್ತಿ ಕೆಂಪು ಉಂಟಾ ನೋಡಿ, ಕಣ್ಣು ಉಬ್ಬಿ ಹೊಳೀಬೇಕು, ಬೆರಳಲ್ಲಿ ಒತ್ತಿದ ಗುಳಿ ವಾಪಸ್ ಬರಬೇಕು. ಕಟ್ ಮಾಡಿಸಿ ಐಸ್ ಹಾಕಿಸಿ ಡಬ್ಬಕ್ಕೆ ಹಾಕಿ ಮುಚ್ಚಳ ಗಟ್ಟಿ ಮಾಡಿ. ಡಬ್ಬ ಸ್ಕೂಟರಿನ ಮುಂದೆ ಕಾಲ ಹತ್ತಿರ, ಕ್ಯಾಮೆರಾ ಬೆನ್ನಲ್ಲಿ, ಎರಡೂ ಯಾವ ಕಾರಣಕ್ಕೂ ಹತ್ತಿರ ಬರಬಾರದು. ಫೋನನ್ನು ಮೀನಿನ ಕೈಯಲ್ಲಿ ಮುಟ್ಟುವವರು ಲೆನ್ಸ್ ಗಾಜನ್ನು ಆಮೇಲೆ ಚೆನ್ನಾಗಿ ಒರೆಸಿ, "ಫೋನ್ ಕ್ಯಾಮೆರಾ ಹಾಳಾಯ್ತು" ಅನ್ನುವ ಎಷ್ಟೋ ದೂರು ಬರೀ ಬೆರಳ ಪಸೆ.

ಬ್ಯಾಂಕು, ಮೆಸ್ಕಾಂ ಕೌಂಟರು, ಕಚೇರಿ ಕೆಲಸ ಈ ಸುತ್ತಿಗೆ ಸೇರಿಸಬೇಡಿ. ಹತ್ತು ಗಂಟೆಯವರೆಗೆ ಮೀನು ಹಿಡ್ಕೊಂಡು ಕಾಯುವುದಕ್ಕೆ ಅರ್ಥ ಇಲ್ಲ. ಕರೆಂಟ್ ಬಿಲ್ ಫೋನಲ್ಲೇ ಕಟ್ಟಿ, ಉಳಿದದ್ದಕ್ಕೆ ಮನೆಗೆ ಬಂದು ಮೀನು ಫ್ರಿಜ್ಜಿಗೆ ಇಟ್ಟು ಪುನಃ ಹೊರಡಿ. ಪಟ್ಟಿ ಕೊಟ್ಟವರಿಗೆ ಈ ಕ್ರಮವನ್ನು ಹಿಂದಿನ ರಾತ್ರಿಯೇ ಹೇಳಿದ್ರೆ ಬೆಳಗ್ಗೆ ದಡದಲ್ಲಿ ಇರುವಾಗ "ಎಲ್ಲಿದ್ದೀ, ಕೊತ್ತಂಬರಿ ಸೊಪ್ಪು ಸಿಕ್ಕಿತಾ" ಅಂತ ಫೋನ್ ಬರುದಿಲ್ಲ.

10. ಮನೆಗೆ ಬಂದ ಮೇಲೆ

ಕ್ಯಾಮೆರಾ ಹೊರತೆಗೆದು ಫ್ಯಾನಿನ ಅಡಿ ಇಡಿ, ಬ್ಯಾಟರಿ ಮತ್ತು ಕಾರ್ಡಿನ ಬಾಗಿಲು ತೆರೆದು. ಬಿಸಿಲಿಗೆ ಇಡುವುದು ಬೇಡ, ಅಕ್ಕಿ ಡಬ್ಬದೊಳಗೆ ಹಾಕುವುದು ಅದಕ್ಕಿಂತ ಬೇಡ, ಅಕ್ಕಿ ಹುಡಿ ಸಂದಿಯಲ್ಲಿ ಕೂರ್ತದೆ. ಒಣಗಿದ ಮೇಲೆ ಡ್ರೈ ಬಾಕ್ಸ್ ಇದ್ರೆ ಅದಕ್ಕೆ, ಇಲ್ಲದಿದ್ರೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಮತ್ತು ಸಿಲಿಕಾ ಜೆಲ್. ಒದ್ದೆ ಚೀಲದೊಳಗೆ ಬಿಡಬೇಡಿ.

ಎಡಿಟಲ್ಲಿ ಎಲ್ಲರ ಕೈ ಮೊದಲು ಹೋಗುವುದು ಮಂಜು ಮಸುಕು ತೆಗೆಯುವ ಡೀಹೇಜ್ ಸ್ಲೈಡರಿಗೆ. ಚಳಿಯಲ್ಲಿ ಐದಕ್ಕೆ ಎದ್ದು ಮಂಜು ಹುಡುಕಿ ಹೋಗಿ ಬಂದು ಮನೆಯಲ್ಲಿ ಕೂತು ಮಂಜು ತೆಗೆಯುವುದು ಎಂತ ಲೆಕ್ಕ ಅಂತ ನನಗೆ ಇವತ್ತಿಗೂ ಅರ್ಥ ಆಗುದಿಲ್ಲ. ಮಾಡಬೇಕಾದ್ದು ಇಷ್ಟೇ: ಬ್ಲ್ಯಾಕ್ಸ್ ಸ್ವಲ್ಪ ಕೆಳಗೆ, ಹತ್ತಿರದ ದೋಣಿ ಗಟ್ಟಿ ಕಪ್ಪಾಗುವಷ್ಟು, ವೈಟ್ಸ್ ಸ್ವಲ್ಪ ಮೇಲೆ, ಬಣ್ಣಕ್ಕೆ ಹೆಚ್ಚು ಕೈ ಹಾಕದೆ ಬಿಡಿ. ನದಿಯ ಗೆರೆ ಓರೆ ಇದ್ರೆ ನೇರ ಮಾಡಿ. ಮಂಜಿನ ಜಾಗದಲ್ಲಿ ಪಟ್ಟಿ ಪಟ್ಟಿಯಾಗಿ ಗೆರೆ ಕಾಣ್ತಾ ಇದ್ರೆ ಜಾಸ್ತಿ ಎಳೆದದ್ದು ಅಂತ ಅರ್ಥ, ಹಿಂದೆ ಬನ್ನಿ. ವಾಟ್ಸಾಪಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಮಾಮೂಲಿ ಫೋಟೋ ಆಗಿ ಕಳಿಸಿದ್ರೆ ಅದೇ ಪಟ್ಟಿ ಅಲ್ಲಿಯೂ ಬರ್ತದೆ.

11. ಹೋದ ದಿನ ಮಂಜೇ ಇಲ್ಲದಿದ್ರೆ

ಆಗ್ತದೆ, ಆ್ಯಪ್ ಎಲ್ಲ ಸರಿ ತೋರಿಸಿದ್ರೂ ಆಗ್ತದೆ. 7:15ರವರೆಗೆ ನೋಡಿ, ನೀರಿನ ಮೇಲೆ ಎಂತದೂ ಏಳದಿದ್ರೆ ಮತ್ತೆ ಕಾಯಬೇಡಿ, ಬರುವುದಿಲ್ಲ. ಪ್ರತಿಬಿಂಬ, ಬೆಳ್ಳಕ್ಕಿ, ಹುಲ್ಲಿನ ಇಬ್ಬನಿ ಸಿಕ್ಕಿದ್ದು ತೆಗೆದು ಮಾರ್ಕೆಟಿಗೆ ಬೇಗ ಹೋಗಿ, ಜನ ಕಮ್ಮಿ ಇರ್ತಾರೆ. ಸಂಜೆಗೆ ಸುಲ್ತಾನ್ ಬತ್ತೇರಿ ಹೇಗೂ ಉಂಟು, ಜನವರಿಯಲ್ಲಿ ಸೂರ್ಯ ಮುಳುಗುವುದು 6:15ರಿಂದ 6:30ರ ಒಳಗೆ, ಐದೂಮುಕ್ಕಾಲಿಗೆ ಅಲ್ಲಿ ಇದ್ರೆ ಸಾಕು, ಆಗ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುವುದೇ ಸರಿ.